ಪುಲಿ, ಪಿಲಿ, ಹುಲಿ: ಲೈಗರನ್ನು ಯಾವ ಪಟ್ಟಿಯಲ್ಲಿ ಬರೆಯಬೇಕು?

ಬದಿಯಡ್ಕದ ಮಾಷ್ಟ್ರು

ಎಲ್ಲರಿಗೂ ನಮಸ್ಕಾರ. ಕಾಸರಗೋಡು ಜಿಲ್ಲೆಯ ನಮ್ಮ ಊರಿನ ವಾಟ್ಸಾಪ್ ಗುಂಪಿನಲ್ಲಿ ಒಂದು ವಾರದಿಂದ ಒಂದು ಫೋಟೋ ಓಡಾಡುತ್ತಿದೆ. ರಬ್ಬರ್ ತೋಟದ ಬದಿ, ರಾತ್ರಿ ಹೊತ್ತು, ಟಾರ್ಚ್ ಬೆಳಕಿನಲ್ಲಿ ಮೈತುಂಬಾ ಚುಕ್ಕಿ ಇರುವ ಪ್ರಾಣಿ. ಕೆಳಗೆ ಮಲಯಾಳದಲ್ಲಿ ‘ಪುಲಿ’ ಅಂತ ಬರೆದಿತ್ತು. ಯಾರೋ ಅದನ್ನು ಕನ್ನಡಕ್ಕೆ ತರುವಾಗ ‘ಹುಲಿ’ ಮಾಡಿದರು. ಇನ್ನೊಬ್ಬರು ನೋಡಿ, ‘ಹುಲಿಗೆ ಚುಕ್ಕಿ ಎಲ್ಲಿಂದ ಬಂತು? ಇದು ಹುಲಿಗೂ ಚಿರತೆಗೂ ಹುಟ್ಟಿದ್ದು’ ಅಂದರು. ಸಂಜೆಯೊಳಗೆ ಸುದ್ದಿ ಮೂರು ಪಂಚಾಯತು ದಾಟಿತ್ತು.

ಮಲಯಾಳದಲ್ಲಿ ಪುಲಿ ಅಂದರೆ ಸಾಮಾನ್ಯವಾಗಿ ಚಿರತೆ. ಪಟ್ಟೆಯ ಹುಲಿಗೆ ಅವರು ಕಡುವ ಅನ್ನುತ್ತಾರೆ. ಮುಳಿಯಾರು, ಕಾರಡ್ಕ, ದೇಲಂಪಾಡಿ ಕಡೆ ಈಚೆಗೆ ಚಿರತೆ ಕಾಣಿಸಿಕೊಂಡದ್ದು ನಮಗೆಲ್ಲ ಗೊತ್ತು. ಫೋಟೋದಲ್ಲಿ ಇರುವುದೂ ಚಿರತೆಯೇ. ಆ ಗುಲಾಬಿ ಹೂವಿನಂಥ ಚುಕ್ಕಿ ನೋಡಿದರೆ ಅನುಮಾನವೇ ಬೇಡ.

ನಾನು ಬರೆಯಲು ಕೂತದ್ದು ಇನ್ನೊಂದು ಕಾರಣಕ್ಕೆ. ಮರುದಿನ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: ‘ಸರ್, ಸಿಂಹ, ಹುಲಿ ಸೇರಿ ಹುಟ್ಟುವ ಲೈಗರ್ ನಿಜವಾಗಿ ಇದೆ ಅಲ್ವಾ? ಅದನ್ನು ಸಿಂಹದ ಜೊತೆ ಬರೆಯಬೇಕಾ, ಹುಲಿಯ ಜೊತೆ ಬರೆಯಬೇಕಾ? ಅದಕ್ಕೇ ಬೇರೆ ವೈಜ್ಞಾನಿಕ ಹೆಸರು ಯಾಕಿಲ್ಲ?’ ನಾನು ಎರಡು ನಿಮಿಷದಲ್ಲಿ ಉತ್ತರ ಹೇಳಿ ಮುಗಿಸಿದೆ. ಮನೆಗೆ ಬಂದ ಮೇಲೆ ಅದು ಸಾಲದು ಅನಿಸಿತು. ಇಷ್ಟು ಒಳ್ಳೆಯ ಪ್ರಶ್ನೆಗೆ ಪೂರ್ತಿ ಉತ್ತರ ಕೊಡಬೇಕು. ಗೊತ್ತಿದ್ದವರು ಬರೆಯಿರಿ. ಒಟ್ಟುಮಾಡಿ ಪ್ರಿಂಟ್ ತೆಗೆದು ಮಕ್ಕಳಿಗೆ ಕೊಡುತ್ತೇನೆ.

ಉಪ್ಪಳದ ತುಳುವೆದಿ

ಮಾಷ್ಟ್ರೇ, ನಮ್ಮ ಮನೆಮಾತು ತುಳು. ನಮಗೆ ಪಿಲಿ ಅಂದರೆ ಹುಲಿಯೇ. ಆದರೆ ದಸರಾದ ಪಿಲಿವೇಷದಲ್ಲಿ ಪಟ್ಟೆ ಬರೆಸಿಕೊಂಡವರೂ ಇರುತ್ತಾರೆ, ಚುಕ್ಕಿ ಹಾಕಿಸಿಕೊಂಡ ಚಿಟ್ಟೆ ಪಿಲಿಯೂ ಇರುತ್ತದೆ. ಎರಡೂ ಒಂದೇ ತಾಸೆಗೆ ಕುಣಿಯುತ್ತವೆ! ನಮ್ಮ ಅಜ್ಜಿಗೆ ಆ ಫೋಟೋ ತೋರಿಸಿದಾಗ ಅವರೂ ‘ಪಿಲಿ’ ಅಂದರು. ಅವರ ಮಟ್ಟಿಗೆ ಅದು ತಪ್ಪಲ್ಲ. ದನ ಕೊಂಡು ಹೋಗುವ ದೊಡ್ಡ ಬೆಕ್ಕು ಯಾವುದಾದರೂ ಪಿಲಿಯೇ.

ಪಾಣತ್ತೂರಿನಿಂದ

ನಮ್ಮಲ್ಲಿಂದ ಗುಡ್ಡೆ ಹತ್ತಿ ಆಚೆ ಇಳಿದರೆ ಕೊಡಗು. ಕೊಡವ ಭಾಷೆಯಲ್ಲಿ ಹುಲಿಗೆ ‘ನರಿ’ ಎನ್ನುತ್ತಾರೆ. ಹಿಂದೆ ಹುಲಿ ಹೊಡೆದವನಿಗೆ ಮದುವೆಯಂತೆಯೇ ಸಂಭ್ರಮ ಮಾಡುತ್ತಿದ್ದರು, ಅದಕ್ಕೆ ‘ನರಿ ಮಂಗಲ’ ಎಂದು ಹೆಸರು. ಕನ್ನಡದವರು ಅದನ್ನು ಕೇಳಿದರೆ ಗುಳ್ಳೆನರಿ ಹೊಡೆದವನಿಗೆ ಯಾಕೆ ಇಷ್ಟು ಮರ್ಯಾದೆ ಅಂದುಕೊಳ್ಳುತ್ತಾರೆ. ಮಕ್ಕಳಿಗೆ ಇದನ್ನೂ ಹೇಳಿ. ವೈಜ್ಞಾನಿಕ ಹೆಸರು ಯಾಕೆ ಬೇಕು ಅಂತ ಅರ್ಥವಾಗಲು ನಮ್ಮ ಜಿಲ್ಲೆಗಿಂತ ಒಳ್ಳೆಯ ಜಾಗ ಇಲ್ಲ.

ಮಂಜೇಶ್ವರದ ಸಂಶೋಧನಾ ವಿದ್ಯಾರ್ಥಿನಿ

ಮೊದಲು ಮನೆತನ ಹೇಳುತ್ತೇನೆ. ಪ್ಯಾಂಥೆರಾ ಎನ್ನುವ ಕುಲದಲ್ಲಿ ಈಗ ಬದುಕಿರುವ ಪ್ರಭೇದ ಐದು: ಸಿಂಹ, ಹುಲಿ, ಚಿರತೆ, ಅಮೆರಿಕದ ಜಾಗ್ವಾರ್, ಹಿಮಚಿರತೆ. ಆಫ್ರಿಕಾದಿಂದ ಮಧ್ಯಪ್ರದೇಶದ ಕೂನೋ ಕಾಡಿಗೆ ಬಂದ ಚೀತಾ ಈ ಮನೆಯದ್ದಲ್ಲ. ಅದಕ್ಕೆ ಪ್ಯೂಮಾ ಹತ್ತಿರದ ನೆಂಟ. ಕನ್ನಡದಲ್ಲಿ ಚೀತಾ, ಚಿರತೆ ಎರಡೂ ಕೇಳಲು ಒಂದೇ ತರ ಇರುವುದರಿಂದ ಅಲ್ಲೂ ಗೊಂದಲ ಜಾಸ್ತಿ.

ಐದರ ಒಳಗೂ ಹತ್ತಿರ, ದೂರ ಇದೆ. ಸಿಂಹ, ಚಿರತೆ, ಜಾಗ್ವಾರ್ ಒಂದು ಕವಲು. ಹುಲಿ ಮತ್ತು ಹಿಮಚಿರತೆ ಇನ್ನೊಂದು ಕವಲು. ಅಂದರೆ ಹುಲಿಗಿಂತ ಚಿರತೆಯೇ ಸಿಂಹಕ್ಕೆ ಹತ್ತಿರ. ಗಾತ್ರ ನೋಡಿ ನಾವು ಸಿಂಹವನ್ನೂ ಹುಲಿಯನ್ನೂ ಜೋಡಿ ಮಾಡುತ್ತೇವೆ, ಜೀನ್ ನೋಡಿದರೆ ಲೆಕ್ಕ ಬೇರೆ.

ಹುಲಿಗೂ ಚಿರತೆಗೂ ಕಾಡಿನಲ್ಲಿ ಮರಿ ಹುಟ್ಟುವ ಮಾತು ಹೊಸದಲ್ಲ. ಬ್ರಿಟಿಷರ ಕಾಲದ ಬೇಟೆಯ ಬರಹಗಳಲ್ಲಿ ಅದಕ್ಕೆ ‘ದೋಗಲಾ’ ಎಂಬ ಹೆಸರೂ ಇದೆ. ಆದರೆ ಸಾಬೀತಾದ ಒಂದು ಉದಾಹರಣೆಯೂ ಇಲ್ಲ. ಹುಲಿ ಇರುವ ಕಾಡಿನಲ್ಲಿ ಚಿರತೆ ತಪ್ಪಿಸಿಕೊಂಡೇ ಓಡಾಡುತ್ತದೆ. ಕೈಗೆ ಸಿಕ್ಕರೆ ಹುಲಿ ಅದನ್ನು ಕೊಲ್ಲುತ್ತದೆ.

ಇನ್ನು ಲೈಗರ್. ಗಂಡು ಸಿಂಹ, ಹೆಣ್ಣು ಹುಲಿ ಸೇರಿದರೆ ಲೈಗರ್. ಗಂಡು ಹುಲಿ, ಹೆಣ್ಣು ಸಿಂಹ ಸೇರಿದರೆ ಟೈಗಾನ್. ಹೆಸರಿನ ಮೊದಲ ತುಂಡು ಅಪ್ಪನದ್ದು, ಕೊನೆಯ ತುಂಡು ಅಮ್ಮನದ್ದು. ಇದು ಸುಮ್ನೆ ಹೆಸರಿನ ವ್ಯತ್ಯಾಸ ಅಂದುಕೊಳ್ಳಬೇಡಿ. ಎರಡೂ ಪ್ರಾಣಿಗಳೇ ಬೇರೆ. ಲೈಗರ್ ಅಪ್ಪ ಅಮ್ಮ ಇಬ್ಬರಿಗಿಂತ ದೊಡ್ಡದಾಗಿ ಬೆಳೆಯುತ್ತದೆ. ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿದ್ದ ಹರ್ಕ್ಯುಲಿಸ್ ಎಂಬ ಲೈಗರ್ 418.2 ಕೆಜಿ ತೂಗಿ ಗಿನ್ನೆಸ್ ದಾಖಲೆಗೆ ಸೇರಿತು. ದೊಡ್ಡ ಗಂಡು ಸಿಂಹವೇ 200 ಕೆಜಿ ಆಸುಪಾಸು ಇರುವುದು. ಟೈಗಾನ್ ಹಾಗೆ ಬೆಳೆಯುವುದಿಲ್ಲ. ಸಾಮಾನ್ಯವಾಗಿ ತಂದೆ ತಾಯಿಯ ಗಾತ್ರವನ್ನು ಮೀರುವುದಿಲ್ಲ.

ಪೆರ್ಲದ ಕೃಷಿಕ

ತಂಗೀ, ಇದರಲ್ಲಿ ಏನು ಆಶ್ಚರ್ಯ? ಸಂಕರ ತಳಿ ಯಾವಾಗಲೂ ಜೋರು. ನಮ್ಮ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ತೆಂಗಿನಲ್ಲಿ ಅದನ್ನೇ ಮಾಡಿದ್ದಲ್ವಾ? ಚಂದ್ರಸಂಕರ ನೋಡಿ. ಊರ ಎತ್ತರದ ತೆಂಗಿಗಿಂತ ಬೇಗ ಫಲ ಕೊಡುತ್ತದೆ, ಕಾಯಿಯೂ ಜಾಸ್ತಿ. ಲೈಗರೂ ಹಾಗೆಯೇ ಇರಬೇಕು.

ಮಂಜೇಶ್ವರದ ಸಂಶೋಧನಾ ವಿದ್ಯಾರ್ಥಿನಿ

ಅಣ್ಣಾ, ನೀವು ತೆಂಗಿನ ಮಾತು ತೆಗೆದದ್ದು ಒಳ್ಳೆಯದೇ ಆಯಿತು. ಚಂದ್ರಸಂಕರದಲ್ಲಿ ಅಮ್ಮ ಚಾವಕ್ಕಾಡಿನ ಕೇಸರಿ ಗಿಡ್ಡ, ಅಪ್ಪ ಪಶ್ಚಿಮ ಕರಾವಳಿಯ ಎತ್ತರದ ತೆಂಗು. ಅದನ್ನೇ ತಿರುಗಿಸಿ ಮಾಡಿದ್ದು ಕೇರಸಂಕರ: ಅಮ್ಮ ಎತ್ತರ, ಅಪ್ಪ ಗಿಡ್ಡ. ತೆಂಗಿನವರು ಅಮ್ಮನ ಹೆಸರನ್ನು ಮೊದಲು ಬರೆಯುತ್ತಾರೆ, ಬೆಕ್ಕಿನವರು ಅಪ್ಪನದ್ದನ್ನು ಮೊದಲು ಕೂಗುತ್ತಾರೆ. ಈಗ ನನ್ನ ಪ್ರಶ್ನೆ: ನಿಮ್ಮ ತೋಟದಲ್ಲಿ ಎರಡೂ ಇದ್ದರೆ, ಒಂದು ದೈತ್ಯ ಇನ್ನೊಂದು ಮಾಮೂಲಿ, ಅಷ್ಟು ವ್ಯತ್ಯಾಸ ಇದೆಯಾ?

ಪೆರ್ಲದ ಕೃಷಿಕ

ಇಲ್ಲ. ಎರಡೂ ಒಳ್ಳೆಯ ಮರವೇ. ಅಂಥ ದೊಡ್ಡ ಅಂತರ ಏನೂ ಇಲ್ಲ.

ಮಂಜೇಶ್ವರದ ಸಂಶೋಧನಾ ವಿದ್ಯಾರ್ಥಿನಿ

ಅಲ್ಲೇ ಇರುವುದು ವಿಷಯ. ಬರೀ ಸಂಕರದ ಜೋರಿನಿಂದ ಲೈಗರ್ ದೊಡ್ಡದಾಗುವುದಾದರೆ ಟೈಗಾನ್ ಕೂಡ ಅಷ್ಟೇ ದೊಡ್ಡದಾಗಬೇಕಿತ್ತು. ಎರಡರಲ್ಲೂ ಅರ್ಧ ಸಿಂಹ, ಅರ್ಧ ಹುಲಿ. ಸಾಮಾನು ಒಂದೇ, ಆದರೆ ಯಾವುದು ಅಪ್ಪನಿಂದ ಬಂತು, ಯಾವುದು ಅಮ್ಮನಿಂದ ಬಂತು ಎನ್ನುವುದು ಬದಲಾಗಿದೆ. ಹಾಗಾದರೆ ಕಾರಣ ಅಲ್ಲೇ ಇರಬೇಕು.

ಸಸ್ತನಿಗಳಲ್ಲಿ ಕೆಲವು ಜೀನ್‌ಗಳಿಗೆ ಹೆತ್ತವರ ಮುದ್ರೆ ಇರುತ್ತದೆ. ಜೀನಿನ ಎರಡು ಪ್ರತಿಗಳಲ್ಲಿ ಅಪ್ಪನಿಂದ ಬಂದದ್ದು ಕೆಲಸ ಮಾಡುತ್ತದೆ, ಅಮ್ಮನಿಂದ ಬಂದದ್ದು ಸುಮ್ಮನಿರುತ್ತದೆ, ಅಥವಾ ಅದರ ತಿರುಗುಮುರುಗು. ಇವುಗಳಲ್ಲಿ ಹಲವು ಮರಿಯ ಬೆಳವಣಿಗೆಗೆ ಸೇರಿದವು. ಸಿಂಹಿಣಿ ಒಂದೇ ಬೆದೆಯಲ್ಲಿ ಒಂದಕ್ಕಿಂತ ಹೆಚ್ಚು ಗಂಡುಗಳ ಜೊತೆ ಕೂಡಬಹುದು. ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ಅಪ್ಪ ಇರಬಹುದು. ಅಲ್ಲಿ ತನ್ನ ಮರಿ ಉಳಿದವಕ್ಕಿಂತ ದೊಡ್ಡದಾಗಿ ಬೆಳೆದರೆ ಅಪ್ಪನ ವಂಶಕ್ಕೆ ಲಾಭ. ಹಾಗಾಗಿ ಸಿಂಹದ ಅಪ್ಪನ ಕಡೆಯ ಜೀನ್ ‘ಬೆಳೆ, ಬೆಳೆ’ ಎಂದು ತಳ್ಳುತ್ತದೆ. ಅಮ್ಮನಿಗೆ ಎಲ್ಲ ಮರಿಗಳೂ ತನ್ನವೇ, ತನ್ನ ಮೈಯನ್ನೂ ಉಳಿಸಿಕೊಳ್ಳಬೇಕು. ಸಿಂಹಿಣಿಯ ಕಡೆಯ ಜೀನ್ ಬ್ರೇಕ್ ಹಾಕುತ್ತದೆ. ಎರಡೂ ಸಮ ಆದಾಗ ಮಾಮೂಲಿ ಗಾತ್ರದ ಸಿಂಹದ ಮರಿ.

ಹುಲಿಯಲ್ಲಿ ಸಾಮಾನ್ಯವಾಗಿ ಆ ಜಾಗದ ಒಡೆಯನಾದ ಒಂದೇ ಗಂಡು. ಅಲ್ಲಿ ತಳ್ಳಾಟ ಕಡಿಮೆ, ಬ್ರೇಕೂ ಮೆದು. ಸಿಂಹದ ತಳ್ಳುವಿಕೆಗೆ ಹುಲಿಯ ಮೆದು ಬ್ರೇಕ್ ಸಿಕ್ಕಿದರೆ ಲೈಗರ್. ಹುಲಿಯ ಮೆದು ತಳ್ಳುವಿಕೆಗೆ ಸಿಂಹಿಣಿಯ ಗಟ್ಟಿ ಬ್ರೇಕ್ ಸಿಕ್ಕಿದರೆ ಟೈಗಾನ್. ಲೈಗರ್ ಗಾತ್ರಕ್ಕೆ ವಿಜ್ಞಾನಿಗಳು ಕೊಡುವ ಬಲವಾದ ವಿವರಣೆ ಇದು. ದೊಡ್ಡ ಬೆಕ್ಕುಗಳ ಮೇಲೆ ಇದನ್ನು ಪ್ರಯೋಗ ಮಾಡಿ ನೋಡುವುದು ಕಷ್ಟ. ಆದರೆ ಅಮೆರಿಕದ ಎರಡು ಜಾತಿ ಕಾಡಿಲಿಗಳಲ್ಲಿ ನೋಡಿದ್ದಾರೆ. ಒಂದು ಹಲವರ ಜೊತೆ ಕೂಡುವ ಇಲಿ, ಇನ್ನೊಂದು ಒಂದೇ ಜೋಡಿಯಾಗಿ ಬಾಳುವ ಇಲಿ. ಅಪ್ಪ ಮೊದಲನೆಯ ಜಾತಿಯದ್ದಾದರೆ ಮರಿ ಅತಿ ದೊಡ್ಡದು. ತಿರುಗಿಸಿದರೆ ಮರಿ ಸಣ್ಣದು. ಮುದ್ರೆಯ ಜೀನ್‌ಗಳ ಏರುಪೇರೂ ಅಲ್ಲಿ ಕಂಡಿದೆ.

ಇನ್ನೊಂದು ಮಾತು ಅಣ್ಣಾ. ಚಂದ್ರಸಂಕರದ ಅಪ್ಪ ಅಮ್ಮ ಇಬ್ಬರೂ ತೆಂಗೇ, ಒಂದೇ ಪ್ರಭೇದ. ಲೈಗರಿನಲ್ಲಿ ಎರಡು ಪ್ರಭೇದದ ಗಡಿ ದಾಟಿದೆ. ಅದಕ್ಕೇ ಲೈಗರಿನ ದೊಡ್ಡ ಮೈಯನ್ನು ‘ಜೋರು’ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಬ್ರೇಕ್ ತಪ್ಪಿದ ಬೆಳವಣಿಗೆ ಅದು.

ಪೆರ್ಲದ ಕೃಷಿಕ

ಒಪ್ಪಿದೆ. ಮೂವತ್ತು ವರ್ಷ ತೆಂಗು ನೋಡಿದ್ದೇನೆ, ಅಪ್ಪ ಅಮ್ಮನನ್ನು ಅದಲು ಬದಲು ಮಾಡಿ ನೋಡಬೇಕು ಅಂತ ಯೋಚಿಸಿಯೇ ಇರಲಿಲ್ಲ.

ಗಡಿಂಗ್ಲಜದ ಕನ್ನಡಿಗ

ನಮಸ್ಕಾರ್ರಿ. ನಾನು ಕೊಲ್ಹಾಪುರ ಜಿಲ್ಲೆಯವನು, ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ. ಈ ವಿಷಯದಲ್ಲಿ ನಮ್ಮ ಜಿಲ್ಲೆಯ ಹೆಸರು ಜಗತ್ತಿನ ಪುಸ್ತಕಗಳಲ್ಲೇ ಇದೆ. ದಾಖಲೆ ಸಿಕ್ಕಿರುವ ಮೊದಲ ಚಿರತೆ-ಸಿಂಹ ಸಂಕರ ಮರಿ ಹುಟ್ಟಿದ್ದು 1910ರಲ್ಲಿ, ಕೊಲ್ಹಾಪುರದಲ್ಲಿ. ಆಗ ಇಲ್ಲಿ ಛತ್ರಪತಿ ಶಾಹು ಮಹಾರಾಜರ ಆಳ್ವಿಕೆ. ಅಪ್ಪ ದೊಡ್ಡ ಗಂಡು ಚಿರತೆ, ಅಮ್ಮ ಸಿಂಹಿಣಿ. ಎರಡು ಮರಿ ಹುಟ್ಟಿದವು. ಒಂದು ಎರಡೂವರೆ ತಿಂಗಳಿಗೇ ಸತ್ತಿತು. ಅದರ ಚರ್ಮ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಡೆಯಿಂದ ಇಂಗ್ಲೆಂಡಿಗೆ, ಪ್ರಾಣಿಶಾಸ್ತ್ರಜ್ಞ ರೆಜಿನಾಲ್ಡ್ ಪೋಕಾಕ್ ಅವರ ಕೈಗೆ ಹೋಯಿತು. 1912ರಲ್ಲಿ ಅವರು ಅದನ್ನು ವಿವರಿಸಿ ಬರೆದರು. ಚಿರತೆಯಂತೆ ಚುಕ್ಕಿ ಇತ್ತಂತೆ. ಆದರೆ ಚುಕ್ಕಿ ಸಣ್ಣದು, ಒತ್ತೊತ್ತಾಗಿ, ಕಂದು ಬಣ್ಣಕ್ಕೆ ಮಾಸಿದ್ದು. ಸಿಂಹದ ಮರಿಗೂ ಹುಟ್ಟುವಾಗ ಚುಕ್ಕಿ ಇದ್ದು ಆಮೇಲೆ ಮಾಸುತ್ತದಲ್ಲ, ಹಾಗೆ.

ಆಮೇಲೆ ಜಪಾನಿನ ನಿಶಿನೊಮಿಯಾದ ಹಾನ್‌ಶಿನ್ ಪಾರ್ಕಿನಲ್ಲಿ 1959ರಲ್ಲಿ ಎರಡು, 1961ರಲ್ಲಿ ಮೂರು ಇಂಥ ಮರಿ ಹುಟ್ಟಿದವು. ‘ಲೆಪಾನ್’ ಎಂದು ಹೆಸರು. ಜನ ಮುಗಿಬಿದ್ದು ನೋಡಿದರು. ಯಾವುದಕ್ಕೂ ಮರಿ ಆಗಲಿಲ್ಲ. ಕೊನೆಯದು 1985ರಲ್ಲಿ ಸತ್ತಿತು. ಕೊಲ್ಹಾಪುರದ ಆ ಸಣ್ಣ ಮರಿಯ ವಿಷಯ ಓದಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ. ನಮ್ಮೂರಿನ ಹೆಸರು ಬಂತು ಅಂತ ಹೆಮ್ಮೆ ಪಡುವ ವಿಷಯ ಅಲ್ಲ ಅದು.

ಕುಂಬಳೆಯ ಕಾಲೇಜು ಹುಡುಗ

ನನಗೊಂದು ಅನುಮಾನ. ಕುದುರೆಗೆ 64 ವರ್ಣತಂತು, ಕತ್ತೆಗೆ 62, ಹೇಸರಗತ್ತೆಗೆ 63. ಜೋಡಿ ಕೂಡುವುದಿಲ್ಲ, ಅದಕ್ಕೇ ಅದು ಬಂಜೆ ಅಂತ ಪಾಠದಲ್ಲಿ ಓದಿದ್ದೇನೆ. ಸಿಂಹಕ್ಕೂ ಹುಲಿಗೂ 38, ಮನೆಯ ಬೆಕ್ಕಿಗೂ 38. ಹಾಗಾದರೆ ಲೈಗರಿಗೆ ಮರಿ ಆಗಬೇಕಲ್ವಾ?

ಮಂಜೇಶ್ವರದ ಸಂಶೋಧನಾ ವಿದ್ಯಾರ್ಥಿನಿ

ಹೆಣ್ಣಿಗೆ ಆಗುತ್ತದೆ, ಗಂಡಿಗೆ ಆಗುವುದಿಲ್ಲ! ಇದನ್ನು ಮೊದಲು ನಿಯಮದಂತೆ ಹೇಳಿದವರು ತಳಿವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್, 1922ರಲ್ಲಿ. ಸಂಕರದಲ್ಲಿ ಒಂದು ಲಿಂಗ ಮಾತ್ರ ಬಂಜೆಯಾಗಿದ್ದರೆ ಅಥವಾ ಹುಟ್ಟದೇ ಹೋದರೆ, ಅದು ಎರಡು ಬೇರೆ ತರದ ಲಿಂಗ ವರ್ಣತಂತು ಇರುವ ಲಿಂಗವೇ ಆಗಿರುತ್ತದೆ. ನಮ್ಮಲ್ಲಿ, ಬೆಕ್ಕಿನಲ್ಲಿ ಅದು ಗಂಡು. ಹಕ್ಕಿ, ಚಿಟ್ಟೆಗಳಲ್ಲಿ ಅದು ಹೆಣ್ಣು. ಗಂಡಿಗೆ ಎಕ್ಸ್ ಎಂಬ ಲಿಂಗ ವರ್ಣತಂತು ಒಂದೇ. ಆ ಎಕ್ಸ್ ಮೇಲಿನ ಜೀನ್ ಇನ್ನೊಂದು ಪ್ರಭೇದದ ಜೀನ್ ಜೊತೆ ಹೊಂದದಿದ್ದರೆ ಮುಚ್ಚಿಹಾಕಲು ಇನ್ನೊಂದು ಪ್ರತಿ ಇಲ್ಲ. ಹೆಣ್ಣಿಗೆ ಎರಡಿದೆ. ಒಂದು ಸರಿ ಇಲ್ಲದಿದ್ದರೆ ಇನ್ನೊಂದು ಕಾಪಾಡುತ್ತದೆ. ಎಲ್ಲ ಕಾರಣವೂ ಇದೊಂದೇ ಅಲ್ಲ, ಆದರೆ ಇದು ದೊಡ್ಡದು.

ಹಾಲ್ಡೇನ್ 1957ರಲ್ಲಿ ಭಾರತಕ್ಕೇ ಬಂದು ನೆಲೆಸಿದರು. ಕಲ್ಕತ್ತೆಯಲ್ಲಿ ಕೆಲಸ ಮಾಡಿದರು, ಭಾರತದ ಪ್ರಜೆಯಾದರು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ಅವರ ನಿಯಮಕ್ಕೆ ಒಂದು ಕಣ್ಣೆದುರಿನ ಉದಾಹರಣೆ ಆಮೇಲೆ ಅದೇ ಕಲ್ಕತ್ತೆಯಲ್ಲಿ ಸಿಕ್ಕಿತು. ಆಲಿಪುರ ಮೃಗಾಲಯದಲ್ಲಿ 1971ರಲ್ಲಿ ರುದ್ರಾಣಿ ಎಂಬ ಹೆಣ್ಣು ಟೈಗಾನ್ ಹುಟ್ಟಿತು. ಅದು ದೇವವ್ರತ ಎಂಬ ಏಷ್ಯಾದ ಸಿಂಹದ ಜೊತೆ ಸೇರಿ ಏಳು ಮರಿ ಹಾಕಿತು. ಮುಕ್ಕಾಲು ಸಿಂಹ, ಕಾಲು ಹುಲಿ. ‘ಲಿಟಿಗಾನ್’ ಎಂದು ಕರೆದರು. ಅದರಲ್ಲಿ ಕ್ಯೂಬನಕಾನ್ ಎಂಬ ಗಂಡು ಭುಜದ ಹತ್ತಿರ 1.32 ಮೀಟರ್ ಎತ್ತರ ಇತ್ತು, ತೂಕ 363 ಕೆಜಿಗೆ ಕಡಿಮೆ ಇರಲಿಲ್ಲ. ಅಪ್ಪ ಸಿಂಹ ಎನ್ನುವುದನ್ನು ಗಮನಿಸಿ, ಮತ್ತೆ ಗಾತ್ರ ಏರಿತು. ರಷ್ಯಾದ ನೊವೊಸಿಬಿರ್ಸ್ಕ್ ಮೃಗಾಲಯದಲ್ಲಿ 2012ರಲ್ಲಿ ಹೆಣ್ಣು ಲೈಗರಿಗೂ ಸಿಂಹಕ್ಕೂ ಮರಿ ಹುಟ್ಟಿದೆ.

ಬದಿಯಡ್ಕದ ಮಾಷ್ಟ್ರು

ಎಷ್ಟು ಚೆನ್ನಾಗಿ ಹೇಳಿದಿರಿ. ಈಗ ಹುಡುಗಿಯ ಮೂಲ ಪ್ರಶ್ನೆಗೆ ಬರೋಣ. ಕ್ಲಾಸಿನಲ್ಲಿ ನಾನು ಹೇಳಿದ್ದು ಹೀಗೆ: ಪ್ರಭೇದ ಅಂದರೆ ತಮ್ಮೊಳಗೆ ಕೂಡಿ ಮರಿ ಮಾಡುವ ಗುಂಪು, ಮರಿಗೂ ಮರಿ ಆಗಬೇಕು. ಆಗ ಅವಳು ‘ಹೆಣ್ಣು ಲೈಗರಿಗೆ ಮರಿ ಆದರೆ ಸಿಂಹ, ಹುಲಿ ಒಂದೇ ಪ್ರಭೇದ ಆಗುತ್ತದಾ?’ ಎಂದು ಕೇಳಿಬಿಟ್ಟಳು. ಅದಕ್ಕೇ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಮಂಜೇಶ್ವರದ ಸಂಶೋಧನಾ ವಿದ್ಯಾರ್ಥಿನಿ

ಅವಳಿಗೆ ನನ್ನ ಕಡೆಯಿಂದ ಶಹಬ್ಬಾಸ್ ಹೇಳಿ. ಪಾಠದ ಆ ವ್ಯಾಖ್ಯೆಯಲ್ಲಿ ಒಂದು ಪದ ಬಿಟ್ಟುಹೋಗುತ್ತದೆ: ‘ಪ್ರಕೃತಿಯಲ್ಲಿ’. ಜೀವವಿಜ್ಞಾನಿ ಎರ್ನ್‌ಸ್ಟ್ ಮೇಯರ್ 1942ರಲ್ಲಿ ಕೊಟ್ಟ ವ್ಯಾಖ್ಯೆಯ ಜೀವ ಅದರಲ್ಲೇ ಇದೆ. ಬೋನಿನಲ್ಲಿ ಬೇರೆ ಜೋಡಿ ಸಿಗದೆ ಕೂಡಿದ್ದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಿಂದೆ ಉತ್ತರ ಭಾರತದಲ್ಲಿ ಸಿಂಹ, ಹುಲಿ ಎರಡೂ ಇದ್ದವು. ಆದರೂ ಕಾಡಿನಲ್ಲಿ ಹುಟ್ಟಿದ ಲೈಗರ್ ಸಿಕ್ಕಿದ ದಾಖಲೆ ಇಲ್ಲ. ಒಂದು ಬಯಲಲ್ಲಿ ಗುಂಪು ಕಟ್ಟಿ ಬಾಳುವುದು, ಇನ್ನೊಂದು ದಟ್ಟ ಕಾಡಿನಲ್ಲಿ ಒಂಟಿ. ಈಗ ಭಾರತದ ಕಾಡಿನ ಸಿಂಹಗಳೆಲ್ಲ ಗುಜರಾತಿನಲ್ಲೇ ಇವೆ, 2025ರ ಎಣಿಕೆಯಲ್ಲಿ 891.

ಹೆಸರಿನ ವಿಷಯ: ಪ್ರಾಣಿಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ನಿಯಮ ಸಂಕರ ಪ್ರಾಣಿಗೆ ಸ್ವಂತ ಹೆಸರು ಕೊಡುವುದಿಲ್ಲ. ‘ಪ್ಯಾಂಥೆರಾ ಲಿಯೋ × ಪ್ಯಾಂಥೆರಾ ಟೈಗ್ರಿಸ್’ ಎಂದು ಇಬ್ಬರ ಹೆಸರನ್ನೂ ಬರೆದು ನಡುವೆ ಗುಣಾಕಾರದ ಗುರುತು ಹಾಕುತ್ತಾರೆ, ಅಷ್ಟೇ. ಪ್ರಭೇದ ಅಂದರೆ ತನ್ನಷ್ಟಕ್ಕೆ ಮುಂದುವರಿಯುವ ಒಂದು ವಂಶದ ಹೊಳೆ. ಲೈಗರಿನಿಂದ ಲೈಗರ್ ಹುಟ್ಟುವುದಿಲ್ಲ. ಪ್ರತಿ ಸಲ ಸಿಂಹವೂ ಹುಲಿಯೂ ಬೇಕು. ಹಾಗಾಗಿ ಅವಳು ಪಟ್ಟಿ ಬರೆಯುವಾಗ ಲೈಗರನ್ನು ಎರಡು ಹೆಸರಿನ ನಡುವೆ ಒಂದು ಗೆರೆ ಎಳೆದು ಬರೆಯಲಿ.

ಗಿಡಗಳ ನಿಯಮ ಬೇರೆ. ಅಲ್ಲಿ ಸಂಕರಕ್ಕೂ ಸ್ವಂತ ಹೆಸರು ಇರಬಹುದು. ನಾವು ಚಿಪ್ಸ್ ಮಾಡುವ ನೇಂದ್ರ ಬಾಳೆಯೇ ಎರಡು ಕಾಡುಬಾಳೆಗಳ ಸಂಕರ, ‘ಮೂಸಾ × ಪ್ಯಾರಡಿಸಿಯಾಕಾ’. ಬೀಜ ಇಲ್ಲದಿದ್ದರೂ ಕಂದು ಕಿತ್ತು ನೆಟ್ಟರೆ ಅದೇ ಗಿಡ ಮುಂದುವರಿಯುತ್ತದೆ. ಲೈಗರಿಗೆ ಕಂದು ಇಲ್ಲ.

ಅವಳಿಗೆ ಇನ್ನೂ ಕುತೂಹಲ ಇದ್ದರೆ ಇದನ್ನೂ ಹೇಳಿ. ಬಹಳ ಹಿಂದೆ, ಈ ಪ್ರಭೇದಗಳು ಬೇರೆಯಾಗುವ ಕಾಲದಲ್ಲಿ, ಕಾಡಿನಲ್ಲೇ ಬೆರಕೆ ನಡೆದ ಗುರುತು ಜೀನ್‌ಗಳಲ್ಲಿ ಇದೆ. ಹಿಮಚಿರತೆಯ ಮುಖ್ಯ ಜೀನ್‌ಗಳು ಹುಲಿಗೆ ಹತ್ತಿರ. ಆದರೆ ಅಮ್ಮನಿಂದ ಮಾತ್ರ ಬರುವ ಮೈಟೊಕಾಂಡ್ರಿಯಾದ ಡಿಎನ್‌ಎ ಸಿಂಹಕ್ಕೆ ಹತ್ತಿರ. ಜಾಗ್ವಾರ್‌ಗೂ ಸಿಂಹಕ್ಕೂ ನಡುವೆ ಜೀನ್ ದಾಟಿದ ಸುಳಿವು 2017ರ ಅಧ್ಯಯನದಲ್ಲಿ ಸಿಕ್ಕಿತು. ಗಡಿ ಗಟ್ಟಿಯಾಗಲು ಬಹಳ ಕಾಲ ಹಿಡಿದಿದೆ.

ಉಪ್ಪಳದ ತುಳುವೆದಿ

ಹಾಗಾದರೆ ಬಿಳಿ ಹುಲಿ, ಕರಿ ಚಿರತೆ? ಅವೂ ಸಂಕರವಾ?

ಮಂಜೇಶ್ವರದ ಸಂಶೋಧನಾ ವಿದ್ಯಾರ್ಥಿನಿ

ಅಲ್ಲ. ಎರಡೂ ಬರೀ ಬಣ್ಣದ ಜೀನ್ ಬದಲಾದವು. ಕಬಿನಿಯ ಕರಿ ಚಿರತೆಯನ್ನು ಬಿಸಿಲಲ್ಲಿ ನೋಡಿದರೆ ಒಳಗಿನ ಚುಕ್ಕಿ ಕಾಣುತ್ತದೆ.

ನೀಲೇಶ್ವರದ ಹಿರಿಯ ಓದುಗ

ನಾನು ಸರ್ಕಸ್ ನೋಡಿ ಬೆಳೆದವನು. ತಲಶ್ಶೇರಿ ಇಲ್ಲೇ ದಕ್ಷಿಣಕ್ಕೆ. ಕೀಲೇರಿ ಕುಂಞಿಕ್ಕಣ್ಣನ್ 1901ರಲ್ಲಿ ಅಲ್ಲಿ ಸರ್ಕಸ್ ಕಲಿಸುವ ಶಾಲೆ ತೆರೆದರು. ಆ ಊರಿನಿಂದ ಎಷ್ಟು ಕಂಪನಿ ಹುಟ್ಟಿದವು! ಚಿಕ್ಕವನಿದ್ದಾಗ ಡೇರೆಯ ಹಿಂದೆ ಹೋಗಿ ಬೋನು ನೋಡುತ್ತಿದ್ದೆ. ಒಂದು ಸಿಂಹ ಇಡೀ ಹೊತ್ತು ಮೂರು ಹೆಜ್ಜೆ ಆಚೆ, ಮೂರು ಹೆಜ್ಜೆ ಈಚೆ ನಡೆಯುತ್ತಿತ್ತು. ಆ ನಡಿಗೆ ಈಗಲೂ ಕಣ್ಣಲ್ಲಿ ಇದೆ.

ಆ ಸರ್ಕಸ್ ಸಿಂಹಗಳಲ್ಲಿ ಹಲವು ಆಫ್ರಿಕಾದ ರಕ್ತ, ಏಷ್ಯಾದ ರಕ್ತ ಬೆರೆತವು. ಚಂಡೀಗಢದ ಹತ್ತಿರದ ಛತ್‌ಬೀರ್ ಮೃಗಾಲಯದಲ್ಲಿ ಏಷ್ಯಾದ ಸಿಂಹಗಳನ್ನು ಸರ್ಕಸ್ಸಿನ ಆಫ್ರಿಕಾದ ಸಿಂಹಗಳ ಜೊತೆ ಬೆಳೆಸಿ ಹತ್ತಾರು ಮಿಶ್ರ ಸಿಂಹ ಆದವು. ಗಿರ್ ಸಿಂಹವನ್ನು ಉಳಿಸುವ ಕೆಲಸಕ್ಕೆ ಅವು ಬರಲಿಲ್ಲ. ಕೊನೆಗೆ ಗಂಡುಗಳಿಗೆ ಸಂತಾನಹರಣ ಚಿಕಿತ್ಸೆ ಮಾಡಿ ನಿಲ್ಲಿಸಬೇಕಾಯಿತು. ಪ್ರಭೇದ ಒಂದೇ ಇದ್ದರೂ ಬೆರಕೆಯಿಂದ ಹೀಗೆ ನಷ್ಟ ಆಗಬಹುದು ಎಂದು ಮಾಷ್ಟ್ರು ಮಕ್ಕಳಿಗೆ ಹೇಳಬೇಕು. ಪ್ರಭೇದ ದಾಟಿದ ಸಂಕರಕ್ಕೆ ಭಾರತ ಸರಕಾರ 1985ರಲ್ಲಿ ತಡೆ ಹಾಕಿತು, ಆಲಿಪುರದ ಕೆಲಸ ಅಲ್ಲಿಗೆ ನಿಂತಿತು. ಸರ್ಕಸ್ಸಿನಲ್ಲಿ ಹುಲಿ, ಸಿಂಹ, ಚಿರತೆ, ಕರಡಿ, ಮಂಗ ಆಡಿಸಬಾರದು ಎಂಬ 1998ರ ಆದೇಶವನ್ನು ಮೊದಲು ಕೇರಳ ಹೈಕೋರ್ಟು, 2001ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಬಿಡಿಸಿ ತಂದ ಪ್ರಾಣಿಗಳಿಗೆ ಬನ್ನೇರುಘಟ್ಟ, ವಂಡಲೂರು, ತಿರುಪತಿಯಂಥ ಕಡೆ ಆಸರೆ ಸಿಕ್ಕಿತು. ಅಲ್ಲಿ ಅವು ಮರಿ ಮಾಡದಂತೆ ನೋಡಿಕೊಂಡು, ಸಾಯುವವರೆಗೆ ಸಾಕಿದರು.

ಗಡಿಂಗ್ಲಜದ ಕನ್ನಡಿಗ

ಹಿರಿಯರು ಹೇಳಿದ್ದು ನೂರಕ್ಕೆ ನೂರು ಸರಿ. ಲೈಗರ್ ಮರಿ ಗರ್ಭದಲ್ಲೇ ದೊಡ್ಡದಾದರೆ ಹೆರುವಾಗ ಕಷ್ಟಪಡುವುದು ತಾಯಿ ಹುಲಿ. ಟಿಕೆಟ್ ಕೊಂಡು ನೋಡುವವರಿಗೆ ಅದು ಕಾಣುವುದಿಲ್ಲ.

ಬದಿಯಡ್ಕದ ಮಾಷ್ಟ್ರು

ಇವತ್ತು ಎಲ್ಲವನ್ನೂ ಪ್ರಿಂಟ್ ತೆಗೆದು ಓದಿಸಿದೆ. ಎರಡು ಪೀರಿಯಡ್ ಬೇಕಾಯಿತು. ವಾಟ್ಸಾಪ್ ಫೋಟೋದ ಕೆಳಗೆ ಮಕ್ಕಳೇ ಸೇರಿ ‘ಪುಲಿ ಅಂದರೆ ಚಿರತೆ, ಪ್ಯಾಂಥೆರಾ ಪಾರ್ಡಸ್’ ಎಂದು ಬರೆದು ಗುಂಪಿಗೆ ಹಾಕಿಸಿದ್ದಾರೆ. ಕೊನೆಗೆ ಅದೇ ಹುಡುಗಿ ಮತ್ತೆ ಕೈ ಎತ್ತಿದಳು. ‘ಸರ್, ಚಂದ್ರಸಂಕರದ ಕಾಯಿ ನೆಟ್ಟರೆ ಚಂದ್ರಸಂಕರವೇ ಬರುತ್ತದಾ?’ ಪೆರ್ಲದವರೇ, ಇದು ನಿಮಗೆ.

ಪೆರ್ಲದ ಕೃಷಿಕ

ಬರುವುದಿಲ್ಲ. ನಮ್ಮ ಅಪ್ಪ ಹಾಗೆ ಮೂರು ಕಾಯಿ ನೆಟ್ಟಿದ್ದರು. ಒಂದು ಗಿಡ್ಡ, ಒಂದು ಎತ್ತರ, ಒಂದು ಎರಡೂ ಅಲ್ಲ. ಮೂರೂ ಈಗಲೂ ತೋಟದಲ್ಲಿ ಇವೆ. ಚಂದ್ರಸಂಕರ ಬೇಕಾದರೆ ಪ್ರತಿ ಸಲ ಗಿಡ್ಡದ ಹೂವಿಗೆ ಎತ್ತರದ ಪರಾಗ ಹಾಕಿಯೇ ಮಾಡಬೇಕು. ಸಸಿ ಮೇಲೆ ಬಂದಾಗ ಗರಿಯ ದಂಟಿನ ಬಣ್ಣ ನೋಡಬೇಕು. ಕೇಸರಿ ಇದ್ದರೆ ಅದು ತಾಯಿಯ ಹಾಗೆಯೇ ಗಿಡ್ಡ, ತೆಗೆದುಬಿಡುತ್ತಾರೆ. ಕಂದು ಬಣ್ಣ ಇದ್ದರೆ ಸಂಕರ. ಶನಿವಾರ ಮಕ್ಕಳನ್ನು ಕರೆದುಕೊಂಡು ಬನ್ನಿ ಮಾಷ್ಟ್ರೇ. ಆ ಹುಡುಗಿಯ ಕೈಯಲ್ಲೇ ಸಸಿ ಆರಿಸುತ್ತೇನೆ.